ಮಾರ್ತಕ್ಕನಿಗೆ ನಾನು ದಯಪಾಲಿಸಿದ ಅಣ್ಣ

ವಿಶ್ವ ಸಾಹಿತ್ಯ ಮತ್ತು ಅಂತಾರಾಷ್ಟ್ರೀಯ ಸಿನಿಮಾ ಎನ್ನುವುದು ಹೋಳಿಗೆ ಮಾಡುವುದಕ್ಕಿಂತ ಕಷ್ಟವೇನೂ ಅಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಹೋಳಿಗೆಗೆ ಕೈ ಬೇಕು, ಹದ ಗೊತ್ತಿರಬೇಕು. ಸಿನಿಮಾ ನೋಡಲು ಕಣ್ಣಿದ್ದರೆ ಸಾಕು. ನನಗೆ ಕಣ್ಣೂ ಇವೆ, ಮೇಲೊಂದು ಕನ್ನಡಕವೂ ಇದೆ! ಬೆಂಗಳೂರಿನ ಯಾವುದೋ ಸಂಸ್ಥೆಯವರು ಕನ್ನಡದಲ್ಲೇ ಆನ್‌ಲೈನ್ ತರಗತಿ ನಡೆಸುತ್ತಾರೆ, ಕೊನೆಯ ಸಂದರ್ಶನದಲ್ಲಿ ಪಾಸಾದವರಿಗೆ ಪ್ರಮಾಣಪತ್ರ ಕೊಡುತ್ತಾರೆ ಎಂದು ಮೊಬೈಲಿನಲ್ಲಿ ಓದಿದವಳೇ ಸೇರಿಕೊಂಡುಬಿಟ್ಟೆ.

ಆ ಪ್ರಮಾಣಪತ್ರದ ಮೇಲೆ ನನಗೆ ವಿಪರೀತ ಆಸೆ. ಶಿಕಾರಿಪುರದ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ ಓದುವಾಗ ಮದುವೆಯಾಯಿತು. ಪುಸ್ತಕ ಅಟ್ಟಕ್ಕೆ ಹಾಕಿ ಸೌಟು ಹಿಡಿದೆ. ಅಂದಿನಿಂದ ನನ್ನ ಹೆಸರು ಅಚ್ಚಾಗಿರುವ ಕಾಗದವೆಂದರೆ ಪಡಿತರ ಚೀಟಿ ಮತ್ತು ನನ್ನದೇ ಲಗ್ನಪತ್ರಿಕೆ. ಎರಡರಲ್ಲೂ ಪಕ್ಕದಲ್ಲೇ ನಮ್ಮನೆಯವರ ಹೆಸರು ಇದೆ. ನಾನೊಬ್ಬಳೇ ಇರುವ ಒಂದೇ ಒಂದು ಕಾಗದ ನನಗೆ ಬೇಕಾಗಿತ್ತು.

ನಮ್ಮನೆಯವರು ತಾಲ್ಲೂಕು ಕಚೇರಿ ಎದುರು ಕುಳಿತು ಕ್ರಯಪತ್ರ, ವಿಭಾಗಪತ್ರ ಬರೆದುಕೊಡುವವರು. ವಿಷಯ ತಿಳಿಸಿದಾಗ ಕನ್ನಡಕದ ಮೇಲಿಂದ ನೋಡಿದರು.

“ಪಹಣಿಯಾಗೆ ಒಂದು ಹೆಸರು ತಿದ್ದಿಸೋಕೇ ವರ್ಷ ಹಿಡೀತೈತೆ. ನೀನು ಮೂರೇ ತಿಂಗಳಿಗೆ ವಿಶ್ವ ಮುಗಿಸ್ತೀಯಾ? ಮುಗಿಸು, ಮುಗಿಸು!”

ಮೊದಲು ಸಾಹಿತ್ಯ. ಮಂಜು ಬೀಳುವ ಯಾವುದೋ ದೇಶದ ಕಾದಂಬರಿ ಕೊಟ್ಟರು. ಅರ್ಧ ಪುಸ್ತಕ ಮುಗಿದರೂ ನಾಯಕ ಕಿಟಕಿ ಬಿಟ್ಟು ಅಲುಗಲಿಲ್ಲ. “ಸರ್, ಇವನಿಗೆ ಬೇರೆ ಕೆಲಸ ಇಲ್ವಾ?” ಎಂದು ಕೇಳಿದೆ. ಪಾಠ ಮಾಡುತ್ತಿದ್ದ ಸರ್ ಗಡ್ಡ ಬಿಟ್ಟ ತೆಳ್ಳನೆಯ ಹುಡುಗ. “ಅವನ ಒಳಗೆ ತುಂಬಾ ನಡೀತಿದೆ ಮೇಡಂ” ಎಂದರು. ಒಳಗೆ ನಡೆಯುವುದನ್ನು ಹೊರಗಿನಿಂದ ನೋಡುವುದು ಹೇಗೆಂದು ಕೇಳುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಹೀಗೆ ಸಾಹಿತ್ಯ ಮುಗಿಯಿತು.

ಆಮೇಲೆ ಸಿನಿಮಾ. ಸಂದರ್ಶನಕ್ಕೆಂದು ಒಬ್ಬೊಬ್ಬರಿಗೆ ಒಂದೊಂದು ಚಿತ್ರ ಹಂಚಿದರು. ನನ್ನ ಪಾಲಿಗೆ ಬಂದದ್ದು ಮಂಜು ಬೀಳುವ ಇನ್ನೊಂದು ದೇಶದ ಮಾರ್ತಾ ಎಂಬ ಹೆಂಗಸಿನ ಕಥೆ. ಅವಳ ಗಂಡ ಗಡಿಯಾರ ರಿಪೇರಿ ಮಾಡುತ್ತಾನೆ, ಮಾತಾಡುವುದಿಲ್ಲ. ಇವಳು ಬ್ರೆಡ್ ಬೇಯಿಸುತ್ತಾಳೆ, ಇವಳೂ ಮಾತಾಡುವುದಿಲ್ಲ. ಒಂದು ದಿನ ಪೆಟ್ಟಿಗೆ ತುಂಬಿಕೊಂಡು ರೈಲು ನಿಲ್ದಾಣಕ್ಕೆ ಹೋಗಿ ಬೆಂಚಿನ ಮೇಲೆ ಕೂರುತ್ತಾಳೆ. ರೈಲು ಬರುತ್ತದೆ. ಪರದೆ ಕಪ್ಪಾಗುತ್ತದೆ. ಮುಗಿಯಿತು! ಹತ್ತಿದಳೋ, ಮನೆಗೆ ವಾಪಸು ಹೋದಳೋ, ಆ ದೇವರೇ ಬಲ್ಲ. ಹಾಗೆ ಗೊತ್ತಾಗದೆ ಇರುವುದೇ ಈ ಚಿತ್ರದ ಜೀವಾಳ ಎಂದು ಸರ್ ಒತ್ತಿ ಒತ್ತಿ ಹೇಳಿದ್ದರು.

ಇಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ನಾನಿವತ್ತು ಪಾಸಾದವಳು. ಆದರೆ ಮಧ್ಯಾಹ್ನದ ಹೊತ್ತು ಪಕ್ಕದ ಮನೆ ಗಿರಿಜಕ್ಕನ ಪಡಸಾಲೆಯಲ್ಲಿ ನಾವು ನಾಲ್ಕೈದು ಹೆಂಗಸರು ದೀಪದ ಬತ್ತಿ ಹೊಸೆಯಲು ಸೇರುತ್ತೇವೆ. ಯಾರೇ ಸಿನಿಮಾ ನೋಡಿದರೂ ಉಳಿದವರಿಗೆ ಕಥೆ ಹೇಳಲೇಬೇಕು. ಅದು ನಮ್ಮ ಓಣಿಯ ಅಲಿಖಿತ ಸಂವಿಧಾನ. ನಾನು ಮಾರ್ತಾಳ ಕಥೆ ಹೇಳಿದೆ. ರೈಲು ಬಂತು ಎಂದು ನಿಲ್ಲಿಸಿದೆ.

“ಆಮೇಲೆ?” ಎಂದರು ಗಿರಿಜಕ್ಕ.

“ಆಮೇಲೆ ಏನಿಲ್ಲ. ಮುಗೀತು.”

“ಕರೆಂಟ್ ಹೋತಾ?”

“ಇಲ್ಲ ರೀ, ಸಿನಿಮಾ ಇರೋದೇ ಅಷ್ಟು.”

“ಅಷ್ಟು ಅಂದ್ರೆ ಏನ್ರೀ ವಿಮಲಕ್ಕ? ಒಬ್ಬ ಹೆಣ್ಮಗಳು ಪೆಟ್ಟಿಗೆ ಹಿಡ್ಕೊಂಡು ಸ್ಟೇಷನ್ನಾಗೆ ಕುಂತಾಳೆ. ನೀವು ಹಂಗೇ ಬಿಟ್ಟು ಎದ್ದು ಬಂದ್ರಾ?”

ನಾನೇ ಆಕೆಯನ್ನು ಅಲ್ಲಿ ಕೂರಿಸಿ ಬಂದವಳಂತೆ ಎಲ್ಲರೂ ನನ್ನನ್ನು ನೋಡಿದರು. ಎದುರು ಮನೆಯ ಸರೋಜಮ್ಮನಂತೂ ಹತ್ತಿಯನ್ನೇ ಕೆಳಗಿಟ್ಟರು. ಅವರು ಸೊರಬದ ಕಡೆಯ ಹೊಸಬಾಳೆಯವರು, ಮೆತ್ತನೆ ಮನಸ್ಸು.

“ಅವಳಿಗೆ ತೌರಿನೋರು ಅಂತ ಯಾರೂ ಇಲ್ವಾ ಮಾರಾಯ್ತಿ?” ಎಂದು ಕಣ್ಣು ತುಂಬಿಕೊಂಡರು.

ಇಲ್ಲ ಎಂದಿದ್ದರೆ ಆಗುತ್ತಿತ್ತು. ನನ್ನ ಬಾಯಿ ಕೇಳಬೇಕಲ್ಲ! “ಅಣ್ಣ ಇದ್ದಾನೆ. ಸ್ಟೀಫನ್ ಅಂತ. ಆ ರೈಲಿಂದ ಅವನೇ ಇಳೀತಾನೆ” ಎಂದುಬಿಟ್ಟೆ.

ಪಡಸಾಲೆಯೆಲ್ಲ ಉಸಿರು ಬಿಟ್ಟಿತು. ಗಿರಿಜಕ್ಕ ಎದ್ದು ಎಲ್ಲರಿಗೂ ಇನ್ನೊಂದು ಸುತ್ತು ಚಹಾ ಮಾಡಿದರು.

ಮರುದಿನ ವಿಚಾರಣೆ ಶುರುವಾಯಿತು. ಇಷ್ಟು ದಿನ ಸ್ಟೀಫಣ್ಣ ಎಲ್ಲಿ ಹಾಳಾಗಿ ಹೋಗಿದ್ದ? ಜಮೀನಿನ ತಕರಾರಿನಲ್ಲಿ ಮಾತು ಬಿಟ್ಟಿದ್ದರು ಎಂದೆ. ಹಾಗಾದರೆ ಪಹಣಿ ಯಾರ ಹೆಸರಿನಲ್ಲಿತ್ತು? ನಾಳೆ ಹೇಳುತ್ತೇನೆ ಎಂದು ಎದ್ದು ಬಂದೆ. ಸಂಜೆ ನಮ್ಮನೆಯವರನ್ನು ಕೇಳಿದೆ.

“ಅಪ್ಪ ತೀರಿಕೊಂಡ ಮೇಲೆ ಮಕ್ಕಳ ಹೆಸರಿಗೆ ಪೌತಿ ಖಾತೆ ಆಗಿತ್ತಾ?” ಎಂದರು ಅವರು.

“ಅದು ವಿದೇಶ ರೀ.”

“ವಿದೇಶದಾಗೆ ಯಾರೂ ಸಾಯಲ್ವಾ? ನೋಡು, ಅಳತೆ ಮಾಡಿಸಿ, ಅವರವರ ಪಾಲಿಗೆ ಬೇರೆ ನಕ್ಷೆ ಹಾಕಿಸಿ ಪೋಡಿ ಮಾಡಿಸ್ದೆ ಬಾಯಿಮಾತಲ್ಲಿ ಹಿಸ್ಸೆ ಹಂಚಿಕೊಂಡಿರ್ತಾರೆ. ಗಡಿ ಕಲ್ಲು ಇರಲ್ಲ. ಅಣ್ಣ-ತಂಗಿ ಜಗಳ ಆಡ್ದೆ ಇನ್ನೇನು ಮಾಡ್ತಾರೆ?”

ಹೀಗೆ ಮಂಜು ಬೀಳುವ ದೇಶದ ಜಮೀನು ಶಿಕಾರಿಪುರದ ತಾಲ್ಲೂಕು ಕಚೇರಿಗೆ ಬಂದು ಬಿತ್ತು. ಮಾತಾಡದ ಗಂಡನನ್ನು ಚಂದ್ರಗುತ್ತಿ ಗುಡ್ಡದ ಅಮ್ಮನ ಹತ್ತಿರ ಕರೆದುಕೊಂಡು ಹೋಗಿ ಹರಕೆ ಹೊತ್ತಿದ್ದರೆ ಬಾಯಿ ಬರುತ್ತಿತ್ತು ಎಂದು ಗಿರಿಜಕ್ಕ ಸೂಚಿಸಿದರು. ಅವರ ಮನಸ್ಸೇಕೆ ನೋಯಿಸಬೇಕೆಂದು ಆ ಊರಿನಲ್ಲೂ ಒಂದು ಗುಡ್ಡ ಎಬ್ಬಿಸಿ ಅವನನ್ನು ಹತ್ತಿಸಿದೆ. ಮಾರ್ತಾ ಈಗ ಮಾರ್ತಕ್ಕ ಆಗಿದ್ದಳು. ನಿಜ ಹೇಳಬೇಕೆಂದರೆ, ಅಸಲಿ ಚಿತ್ರಕ್ಕಿಂತ ನನ್ನದೇ ಚೆನ್ನಾಗಿತ್ತು!

ಸಂದರ್ಶನದ ದಿನ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಒಂದು ಕಡ್ಡಿಯೂ ಬರಲಿಲ್ಲ. ವೈಫೈ ಇರುವುದು ಗಿರಿಜಕ್ಕನ ಮನೆಯಲ್ಲಿ. ಲ್ಯಾಪ್‌ಟಾಪ್ ಹೊತ್ತುಕೊಂಡು ಅಲ್ಲಿಗೇ ಓಡಿದೆ. ಹೋಗುವಷ್ಟರಲ್ಲಿ ಗಿರಿಜಕ್ಕ ಚಾಪೆ ಹಾಸಿ ಓಣಿಯವರನ್ನು ಕೂರಿಸಿದ್ದರು. “ನಾವು ಕಮಕ್ ಕಿಮಕ್ ಅನ್ನಲ್ಲ” ಎಂದು ಆಣೆಯನ್ನೂ ಇಟ್ಟರು. ಮನೆ ಅವರದು, ವೈಫೈ ಅವರದು. ನಾನು ಏನು ಹೇಳಲಿ?

ಅಷ್ಟರಲ್ಲಿ ಸರೋಜಮ್ಮ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದರು.

“ಯಾರಿಗೂ ಹೇಳ್ಬೇಡ ಮಾರಾಯ್ತಿ. ನಮ್ಮಣ್ಣಂಗೂ ನಂಗೂ ಹಿಸ್ಸೆ ವಿಷಯಕ್ಕೆ ಮಾತಿರ್ಲಿಲ್ಲ, ವರ್ಷಗಟ್ಲೆ ಆತು. ಮಾರ್ತಕ್ಕನ ಅಣ್ಣನೇ ಬಂದ ಅಂದ್ಮೇಲೆ ನಂದೇನು ಬಿಗುಮಾನ ಅಂತ ಬೆಳಿಗ್ಗೆ ಫೋನ್ ಮಾಡ್ದೆ. ಭಾನುವಾರ ಬರ್ತಾನಂತೆ.”

ಇಲ್ಲದ ಅಣ್ಣನನ್ನು ನಂಬಿ ಈ ಹೆಂಗಸು ಇರುವ ಅಣ್ಣನನ್ನು ಕರೆದುಬಿಟ್ಟಿದ್ದರು! ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಲ್ಯಾಪ್‌ಟಾಪಿನಲ್ಲಿ ಸರ್ ಪ್ರತ್ಯಕ್ಷರಾದರು. ಪಕ್ಕದ ಚೌಕದಲ್ಲಿ ಪರೀಕ್ಷಕಿ ಮೇಡಂ ಇದ್ದರು.

“ಮಾರ್ತಾ ಮನೆ ಬಿಡೋದಕ್ಕೆ ಮೂಲ ಕಾರಣ ಏನು ಅಂತ ನಿಮಗನಿಸುತ್ತೆ?” ಮೇಡಂ ಕೇಳಿದರು.

‘ದಾಂಪತ್ಯದೊಳಗಿನ ಮೌನ’ ಎಂದು ವಾರದಿಂದ ಉರು ಹೊಡೆದಿದ್ದೆ. ಬಾಯಿ ತೆರೆದರೆ ಬಂದದ್ದು ಬೇರೆ.

“ಪೋಡಿ ಆಗಿರ್ಲಿಲ್ಲ ಮೇಡಂ.”

ಸರ್ ಗಡ್ಡ ಕೆರೆದುಕೊಂಡರು. “ಮೇಡಂ, ನೀವು ಇದನ್ನ ರೂಪಕವಾಗಿ ಹೇಳ್ತಿದ್ದೀರಾ?”

“ಹೌದು ಸರ್, ರೂಪಕ! ಗಂಡ-ಹೆಂಡತಿ ಮನಸ್ಸಿನ ನಡುವೆ ಗಡಿ ಎಲ್ಲಿದೆ ಅಂತ ಯಾರೂ ಅಳೆದು ಗುರುತು ಮಾಡಿಲ್ಲ. ಅದೇ ತೊಂದರೆ.”

ಮೇಡಂ ಕಣ್ಣು ಅರಳಿಸಿ ಏನೋ ಬರೆದುಕೊಂಡರು. ಅಬ್ಬಾ! ತಾಲ್ಲೂಕು ಕಚೇರಿ ನನ್ನನ್ನು ಕಾಪಾಡಿತ್ತು. ಇನ್ನು ಉಳಿದದ್ದು ಒಂದೇ ಪ್ರಶ್ನೆ.

“ಕೊನೇ ದೃಶ್ಯದಲ್ಲಿ ರೈಲು ಬಂದಾಗ ಏನಾಗುತ್ತೆ?”

ಉತ್ತರ ಒಂದೇ ಮಾತು: ಗೊತ್ತಾಗುವುದಿಲ್ಲ. ಅಷ್ಟು ಹೇಳಿದರೆ ಕಾಗದ ನನ್ನದು. ಪರದೆಯ ಮೇಲಿಂದ ಸುಮ್ಮನೆ ಆಚೆ ನೋಡಿದೆ. ಸರೋಜಮ್ಮ ಸೆರಗಿನ ತುದಿ ಹಿಡಿದುಕೊಂಡು ಕಾಯುತ್ತಿದ್ದರು. ನನಗೆ ಪ್ರಮಾಣಪತ್ರದ ಆಸೆಯೂ ಸುಡುತ್ತಿತ್ತು, ಅವರ ಮುಖವೂ ಸುಡುತ್ತಿತ್ತು. ಈಗ ಅಣ್ಣ ಇಲ್ಲ ಎಂದರೆ ಈ ಹೆಂಗಸು ಹೊರಗೆ ಹೋದವರೇ ಫೋನ್ ಮಾಡಿ ಬರಬೇಡ ಎಂದುಬಿಡುತ್ತಾರೆ.

“ಅಣ್ಣ ಇಳೀತಾನೆ ಮೇಡಂ” ಎಂದೆ.

“ಯಾವ ಅಣ್ಣ?” ಸರ್ ಬೆಚ್ಚಿಬಿದ್ದರು.

“ಸ್ಟೀಫನ್.”

“ಚಿತ್ರದಲ್ಲಿ ಅಣ್ಣನೇ ಇಲ್ಲವಲ್ಲ ಮೇಡಂ!”

ಅಲ್ಲಿಗೆ ಗಿರಿಜಕ್ಕನ ಆಣೆ ಮುರಿಯಿತು. ಧಡಕ್ಕನೆ ಎದ್ದು ಬಂದು ನನ್ನ ಹೆಗಲ ಮೇಲಿಂದ ಕ್ಯಾಮೆರಾಕ್ಕೆ ಮುಖ ಕೊಟ್ಟರು.

“ಹೆಂಗಿಲ್ಲ ಸಾರ್? ನೀವು ಪೂರ್ತಿ ನೋಡಿಲ್ಲ ಕಾಣ್ತೈತೆ! ರೈಲು ಬರೋತಂಕ ನೋಡಿ ಬಂದ್ ಮಾಡಿರ್ತೀರಿ. ಪಾಠ ಹೇಳೋರೇ ಹಿಂಗಾದ್ರೆ ಹೆಂಗ್ರೀ?”

ಅಂತಾರಾಷ್ಟ್ರೀಯ ಸಿನಿಮಾದ ಇತಿಹಾಸದಲ್ಲಿ ಪರೀಕ್ಷಕರೇ ಫೇಲಾದ ಮೊದಲ ಸಂದರ್ಶನ ಇದಿರಬೇಕು. ಆದರೆ ಫಲಿತಾಂಶ ಬಂದದ್ದು ನನಗೆ. ‘ಕಲ್ಪನಾಶಕ್ತಿ ಸೊಗಸಾಗಿದೆ. ಚಿತ್ರವನ್ನು ವೀಕ್ಷಿಸಿದ ಕುರುಹು ಕಂಡುಬರುತ್ತಿಲ್ಲ. ದಯವಿಟ್ಟು ಮುಂದಿನ ತಂಡಕ್ಕೆ ಮತ್ತೆ ಸೇರಿಕೊಳ್ಳಿ.’

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಒಂದಿಷ್ಟು ಅತ್ತೆ. ಆಮೇಲೆ ಮುಖ ತೊಳೆದುಕೊಂಡು ದೊಡ್ಡ ಮನಸ್ಸು ಮಾಡಿದೆ. ಹೋಗಲಿ, ಕಾಗದ ಹೋದರೇನು? ಮುರಿದ ಒಂದು ತವರನ್ನು ಜೋಡಿಸಿದ್ದೇನೆ! ಯಾವ ವಿಶ್ವ ಸಾಹಿತ್ಯ ಈ ಕೆಲಸ ಮಾಡಿದೆ? ಇದನ್ನೇ ನಮ್ಮನೆಯವರಿಗೂ ಗಂಭೀರವಾಗಿ ಹೇಳಿದೆ.

“ಅವರದು ಪೋಡಿ ಆಗೈತಂತಾ?” ಎಂದಷ್ಟೇ ಕೇಳಿದರು.

ಭಾನುವಾರ ಸೊರಬದ ಬಸ್ಸಿನಲ್ಲಿ ಸರೋಜಮ್ಮನ ಅಣ್ಣ ಬಂದರು. ಕೈಯಲ್ಲಿ ಬಾಳೆಗೊನೆ, ತಂಗಿಗೆ ಸೀರೆ. ನಾನು ಕಿಟಕಿಯಲ್ಲಿ ನಿಂತು ನನ್ನದೇ ನಿರ್ದೇಶನದ ಚಿತ್ರ ನೋಡುವಂತೆ ನೋಡಿದೆ. ಪಾಯಸದ ವಾಸನೆ ನಮ್ಮ ಮನೆಯವರೆಗೂ ಬಂತು. ಊಟವಾಗಿ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ದನಿಯೂ ಬರತೊಡಗಿತು. ಮೊದಲು ‘ಹಿಸ್ಸೆ’ ಎಂದು ಕೇಳಿಸಿತು. ಆಮೇಲೆ ‘ಗಡಿ ಕಲ್ಲು’ ಎಂದು ಕೇಳಿಸಿತು. ಆಮೇಲೆ ಕೇಳಿಸಿದ್ದನ್ನು ಬರೆಯುವಂತಿಲ್ಲ. ಅಣ್ಣ ಎದ್ದು ದಡದಡನೆ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಸೀರೆಯನ್ನು ಮಾತ್ರ ಬಿಟ್ಟುಹೋದರು.

ಸ್ವಲ್ಪ ಹೊತ್ತಿಗೆ ಸರೋಜಮ್ಮ ಮೂಗು ಒರೆಸಿಕೊಳ್ಳುತ್ತ ನಮ್ಮ ಅಡುಗೆಮನೆಗೆ ಬಂದರು. ನನ್ನ ಬಂಡವಾಳ ಬಯಲಾಯಿತು ಎಂದುಕೊಂಡು ಬೈಸಿಕೊಳ್ಳಲು ತಯಾರಾಗಿ ನಿಂತೆ. ಅವರು ಮಣೆ ಎಳೆದುಕೊಂಡು ಕೂತರು.

“ಅಲ್ಲ ಮಾರಾಯ್ತಿ, ಆ ಸಿನಿಮಾ ಮಾಡಿದೋನಿಗೆ ಒಂಚೂರಾದ್ರೂ ಬುದ್ಧಿ ಬ್ಯಾಡ್ವಾ? ರೈಲು ಬಂತು ಅನ್ನೋವಷ್ಟಕ್ಕೆ ಮುಗಿಸ್ಬೇಕಿತ್ತಪ್ಪ! ಅಣ್ಣ ಯಾಕೆ ಇಳೀಬೇಕಿತ್ತು?”

ಮೂರು ತಿಂಗಳು ಸರ್ ಬಡಿದುಕೊಂಡದ್ದು ಇದನ್ನೇ. ನನ್ನ ತಲೆಗೆ ಹೋಗಿರಲಿಲ್ಲ.

“ಹೌದು ನೋಡ್ರೀ” ಎಂದೆ, ಅವರ ಮುಖ ನೋಡಲಾರದೆ ಕಾಫಿಗೆ ನೀರಿಡುತ್ತ. “ಅವನಿಗೆ ಬುದ್ಧಿ ಕಮ್ಮಿ.”