ಚಾ ಕುಡಿಯದೇ ಕೊಲೆಯಾದ ಅತ್ತಿಗೆ

ನಮ್ಮ ಅತ್ತಿಗೆಯ ಕೊಲೆ ಹಲವು ಸಲ ಆಗಿದೆ. ಒಮ್ಮೆ ವಿಷ ಹಾಕಿದರು, ಒಮ್ಮೆ ಮಹಡಿಯಿಂದ ದೂಡಿದರು, ಇನ್ನೊಮ್ಮೆ ಪಿಟೀಲಿನ ತಂತಿಯನ್ನು ಕುತ್ತಿಗೆಗೆ ಬಿಗಿದರು. ಪ್ರತಿ ಸಲವೂ ಕೊಲೆಯಾದ ಮೇಲೆ ಅವರು ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿಕೊಂಡು, "ಅಕ್ಕಿ ನೆನೆಹಾಕಿದ್ಯನೆ?" ಎಂದು ನನ್ನನ್ನು ಕೇಳಿದ್ದಾರೆ. ಸತ್ತವರಿಗೆ ಮರುದಿನದ ದೋಸೆಯ ಚಿಂತೆ ಇರುವುದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ, ಶಿರಸಿಯ ನಮ್ಮ ಮನೆಯಲ್ಲೇ.

ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ಮದುವೆಯಾಗಲಿಲ್ಲ. ನಮ್ಮ ಜೊತೆಗೇ ಇದ್ದಾರೆ. ಮುಂದಿನ ಕೋಣೆಯಲ್ಲಿ ಅವರ ಹೊಲಿಗೆ ಮಶೀನು ಇದೆ. ನಮ್ಮ ಓಣಿಯ ಹೆಂಗಸರ ರವಿಕೆಗಳೆಲ್ಲ ಅಲ್ಲಿಂದಲೇ ಹೊರಬೀಳುತ್ತವೆ. ಅವರಿಗೆ ಒಬ್ಬ ಕೊಲೆಗಾರನ ಕೈಯಲ್ಲಿ ಸಾಯುವ ಪ್ರಸಂಗ ಬಂದದ್ದು ಅವರ ಒಂದೇ ಒಂದು ಗುಣದಿಂದ. ಯಾರು ಏನು ಕೊಟ್ಟರೂ ಮೊದಲು "ಬ್ಯಾಡ" ಎನ್ನುವುದು.

ನಮ್ಮ ಕಡೆ ಇದು ಹೊಸತಲ್ಲ. ಮನೆಗೆ ಬಂದವರನ್ನು ಕುಡಿಯುವುದಕ್ಕೆ ಏನು ಬೇಕು ಎಂದು ಕೇಳಿದರೆ ಅವರು ಬೇಡ ಎನ್ನಬೇಕು. ನಾವು ಒತ್ತಾಯ ಮಾಡಬೇಕು. ಅವರು ಮತ್ತೆ ಬೇಡ ಎನ್ನಬೇಕು, ಈ ಸಲ ಸ್ವಲ್ಪ ಮೆತ್ತಗೆ. ನಾವು ಅಷ್ಟರಲ್ಲಿ ಒಲೆಯ ಮೇಲೆ ಪಾತ್ರೆ ಇಟ್ಟಾಗಿರಬೇಕು. ಕೇಳಿದ ಕೂಡಲೇ ಹೂಂ ಎನ್ನುವವನನ್ನು ಅತ್ತಿಗೆ ಎರಡು ದಿನದಿಂದ ಊಟವಿಲ್ಲದವನನ್ನು ನೋಡಿದ ಹಾಗೆ ನೋಡುತ್ತಾರೆ. ಬೇರೆಯವರು ಈ ಶಿಷ್ಟಾಚಾರವನ್ನು ಚಾ, ಊಟ, ಹೆಚ್ಚೆಂದರೆ ಹೋಳಿಗೆಯ ತನಕ ಇಟ್ಟುಕೊಂಡಿದ್ದಾರೆ. ಅತ್ತಿಗೆ ಅದನ್ನು ಇಡೀ ಜಗತ್ತಿಗೇ ಹಾಸಿದ್ದಾರೆ!

ಒಮ್ಮೆ ಸಿದ್ದಾಪುರದ ಬಸ್ಸಿನಲ್ಲಿ ಕಾಲೇಜು ಹುಡುಗನೊಬ್ಬ ಎದ್ದು ನಿಂತು, ಕೂತ್ಕೊಳ್ಳಿ ಎಂದ. ಅತ್ತಿಗೆ "ಬ್ಯಾಡ" ಎಂದರು. ಹುಡುಗ ಸರಿ ಎಂದು ಮತ್ತೆ ಕೂತ. ಇವರು ಸಿದ್ದಾಪುರದವರೆಗೂ ಕಂಬ ಹಿಡಿದು ನಿಂತೇ ಹೋದರು. ಇಳಿದ ಮೇಲೆ ನನ್ನ ಹತ್ತಿರ ಹೇಳಿದ್ದು ಇಷ್ಟೇ: "ಮಾಣಿ ಒಳ್ಳೆಯಂವ. ಆದ್ರೆ ಕೂತ್ಗಂಬಲೆ ಸ್ವಲ್ಪ ಅರ್ಜೆಂಟು."

ಪಕ್ಕದ ಮನೆಗೆ ಹಾವೇರಿ ಕಡೆಯವರು ಬಾಡಿಗೆಗೆ ಬಂದರು. ಆ ಮನೆಯಾಕೆ ಬಾಗಿಲಲ್ಲಿ ನಿಂತು, "ಬರ್ರಿ ಅಕ್ಕಾರ, ಒಂದ್ ಕಪ್ ಚಾ ಕುಡದ್ ಹೋಗ್ರಿ" ಎಂದರು. ಇವರು ಬೇಡ ಎಂದರು. "ಹಂಗಾರ ನಾಳೆ ಬರ್ರಿ" ಎಂದು ಆಕೆ ನಗುತ್ತಲೇ ಒಳಗೆ ಹೋದರು. ಅತ್ತಿಗೆ ಆ ಮುಚ್ಚಿದ ಬಾಗಿಲಿನ ಎದುರು ಸ್ವಲ್ಪ ಹೊತ್ತು ನಿಂತೇ ಇದ್ದರಂತೆ, ಯಾರಿಗೆ ಗೊತ್ತು, ತೆಗೆದರೂ ತೆಗೆಯಬಹುದು ಎಂದು.

ಇಂಥವರ ಕೈಗೆ ನನ್ನ ಮಗಳು ತನ್ನ ಆಟ ಕೊಟ್ಟಳು.

ಮಗಳ ಕೆಲಸವನ್ನು ನೆಂಟರಿಗೆ ವಿವರಿಸುವುದು ನನಗೆ ಇನ್ನೂ ಬಗೆಹರಿದಿಲ್ಲ. ಅದು ಕಂಪ್ಯೂಟರಿನಲ್ಲಿ ಆಡುವ ಆಟವೂ ಹೌದು, ಓದುವ ಕಾದಂಬರಿಯೂ ಹೌದು. ಓಟ, ಗುಂಡು, ಜಿಗಿತ ಏನೂ ಇಲ್ಲ. ಪರದೆಯ ಮೇಲೆ ಒಬ್ಬೊಬ್ಬರೇ ಬಂದು ಮಾತಾಡುತ್ತಾರೆ, ಕೆಳಗೆ ಎರಡೋ ಮೂರೋ ಉತ್ತರ ಇರುತ್ತವೆ, ನಾವು ಒಂದನ್ನು ಒತ್ತಬೇಕು. ಒತ್ತಿದ ಹಾಗೆ ಕಥೆ ತಿರುಗುತ್ತದೆ. ಮಗಳ ಕಥೆಯಲ್ಲಿ ಗುಡ್ಡದ ಮೇಲೊಂದು ಬಂಗಲೆ; ಔತಣದ ನಡುವೆ ಯಜಮಾನ ಸತ್ತುಬೀಳುತ್ತಾನೆ. ಉಳಿದವರು ಡಾಕ್ಟರು, ಪಿಟೀಲು ನುಡಿಸುವವ, ವಕೀಲ್ತಿ, ಅಡುಗೆಯವ. ನಾವು ಅವರ ಜೊತೆ ಚಾ ಕುಡಿದು, ತಿರುಗಾಡಿ, ಸಲಿಗೆ ಬೆಳೆಸಿ, ಸಾಧ್ಯವಾದರೆ ಪ್ರೀತಿಸಿ, ಕೊಂದವರು ಯಾರೆಂದು ಪತ್ತೆ ಮಾಡಬೇಕು; ಇಲ್ಲವಾದರೆ ಮುಂದಿನ ಹೆಣ ನಮ್ಮದೇ. ಪ್ರೀತಿಯೂ ಆಯಿತು, ಪೊಲೀಸ್ ಕೆಲಸವೂ ಆಯಿತು! ಕಥೆ ಮಗಳದ್ದು, ಚಿತ್ರ ಬರೆದವಳು ಅವಳ ಗೆಳತಿ ಫರ್ಹಾ, ಯಲ್ಲಾಪುರದ ಲಾರಿ ಮಾಲೀಕರ ಮಗಳು. ಇಬ್ಬರೂ ಎರಡು ವರ್ಷ ಕಣ್ಣು ಕೆಂಪು ಮಾಡಿಕೊಂಡಿದ್ದಾರೆ.

ನನ್ನ ಗಂಡ ಕೆಟ್ಟವರಲ್ಲ, ಆದರೆ ಕಾಣದ ವಸ್ತುವಿನ ಮೇಲೆ ಅವರಿಗೆ ನಂಬಿಕೆ ಕಡಿಮೆ. ಒಂದು ಮಾತು ಮೊದಲೇ ಆಗಿತ್ತು. ಆಟ ಮಾರಾಟಕ್ಕೆ ಹೋಗಲಿ. ದೀಪಾವಳಿಯ ಹೊತ್ತಿಗೆ ಯಾರೂ ಕಣ್ಣೆತ್ತಿ ನೋಡದಿದ್ದರೆ, ಪರಿಚಯದ ಸೊಸೈಟಿಯಲ್ಲಿ ಒಂದು ಕುರ್ಚಿ ಖಾಲಿ ಇದೆ, ಹೋಗಿ ಕೂರುವುದು. ಮಗಳು ಒಪ್ಪಿದ್ದಳು. "ಮೊದ್ಲು ಮನೆಯವ್ವು ಆಡಿ ನೋಡಿ. ಚಲೋ ಇಲ್ಲೆ ಅಂದ್ರೆ ಹಂಗೇ ಹೇಳಿ" ಎಂದು ನಮ್ಮ ಮುಂದೆ ತಂದಿಟ್ಟಳು.

ನನ್ನ ಗಂಡ ಆಡಲು ಕೂತವರು ಶುರುವಿನ ಸಂಗೀತಕ್ಕೇ ಗೊರಕೆ ಹೊಡೆದರು. ನಾನು ಅಡುಗೆಯವನನ್ನು ಹಿಡಿದೆ. ಕೊಲೆಗಾರ ಅವನಲ್ಲವಂತೆ. ಆದರೆ ಪಾಯಸದ ಸೌಟನ್ನೇ ಸಾರಿಗೂ ಹಾಕುವವನನ್ನು ಹೊರಗೆ ಬಿಡುವುದಾದರೂ ಹೇಗೆ?

ಅತ್ತಿಗೆಯನ್ನು ಕೇಳಿದಾಗ ಅವರು "ಬ್ಯಾಡ್ದೆ ಕೂಸೆ, ನಂಗೆಂತ ತಿಳೀತು" ಎಂದರು. ಮಗಳಿಗೆ ಅತ್ತೆಯ ಪದ್ಧತಿ ಗೊತ್ತು. ಮತ್ತೆ ಕೇಳಿದಳು, ಮತ್ತೂ ಕೇಳಿದಳು. ಅತ್ತಿಗೆ ನಿಟ್ಟುಸಿರು ಬಿಟ್ಟು, ಯಾರದೋ ಒತ್ತಾಯಕ್ಕೆ ಮಣೆಯ ಮೇಲೆ ಕೂರುವವರ ಹಾಗೆ ಕಂಪ್ಯೂಟರಿನ ಮುಂದೆ ಕೂತರು.

ಮೊದಲು ಬಂದವ ಡಾಕ್ಟರು. ಕೋಟು, ಗಂಭೀರ ಮುಖ. "ಹೊರಗೆ ಚಳಿ. ನನ್ನ ಜೊತೆ ಒಂದು ಕಪ್ ಚಾ ಕುಡಿಯುತ್ತೀರಾ?" ಎಂದು ಕೇಳಿದ. ಕೆಳಗೆ ಎರಡು ಉತ್ತರ: ಹೂಂ, ಬೇಡ. ಅತ್ತಿಗೆ ಒಂದು ಕ್ಷಣವೂ ಯೋಚಿಸದೆ ಬೇಡ ಒತ್ತಿದರು. ಡಾಕ್ಟರು ತಲೆಬಾಗಿ, "ನಿಮ್ಮಿಷ್ಟ" ಎಂದು ಹೊರಟುಹೋದ.

ಅತ್ತಿಗೆ ಖಾಲಿ ಪರದೆಯನ್ನೇ ನೋಡುತ್ತ ಕೂತರು.

"ಅಂವ ಎಲ್ಲಿಗೆ ಹೋದ?"

"ಹೋದ ಅತ್ತೆ. ನೀನು ಬ್ಯಾಡ ಹೇಳಿದ್ಯಲೆ."

"ಬ್ಯಾಡ ಹೇಳಿದ್ದಕ್ಕೆ ಹೋಪುದನೆ? ಡಾಕ್ಟ್ರಪ್ಪ ಅಂವ. ಕಲ್ತಂವ."

"ಬ್ಯಾಡ ಅಂದ್ರೆ ಬ್ಯಾಡ ಹೇಳೇ ತಿಳ್ಕಳವು ಅತ್ತೆ. ಈಗಿನ ಮರ್ಯಾದೆ ಅದು."

ಅತ್ತಿಗೆ ಸ್ವಲ್ಪ ಯೋಚಿಸಿದರು. "ಪ್ರೀತಿ ಮಾಡ್ತೆ ಹೇಳಿ ಬಂದ್ರೆ ಅದು ಸರಿ. ಚಾಕ್ಕೂ ಹಂಗೇಯನೆ?"

ಮಗಳು ಆಟವನ್ನು ಮುಂದಕ್ಕೆ ಓಡಿಸಿದಳು. ಪಿಟೀಲಿನವ ತೋಟದಲ್ಲಿ ತಿರುಗಾಡಲು ಕರೆದ. ಬೇಡ. ವಕೀಲ್ತಿ ಗುಟ್ಟೊಂದು ಹೇಳುತ್ತೇನೆ ಬಾ ಎಂದಳು. ಬೇಡ. ಅಡುಗೆಯವ ತಟ್ಟೆ ಹಿಡಿದು ಬಂದ. ಅವನಿಗಾದರೂ ತಿಳಿಯಬೇಡವೇ, ಬಡಿಸುವ ಕಸುಬಿನವ! ಅವನೂ ತಟ್ಟೆ ತಿರುಗಿಸಿಕೊಂಡು ಹೋದ. ಹೀಗೆ ಎಲ್ಲರೂ ಹೋಗಿ, ಅತ್ತಿಗೆ ಆ ದೊಡ್ಡ ಬಂಗಲೆಯಲ್ಲಿ ಒಬ್ಬರೇ ಉಳಿದರು. ದೀಪ ಆರಿತು. ಕೊಲೆಯಾಯಿತು. "ನಿಮ್ಮ ಕೂಗು ಕೇಳಲು ಹತ್ತಿರ ಯಾರೂ ಇರಲಿಲ್ಲ" ಎಂಬ ಸಾಲು ಬಂತು.

"ಯಾರು ಕೊಂದದ್ದು ಹೇಳಿ ಗೊತ್ತಾತ?" ಮಗಳು ಆಸೆಯಿಂದ ಕೇಳಿದಳು.

"ಯಾರೋ ಒಬ್ಬ. ಆದ್ರೆ ಬಾಯಿಗೆ ಒಂದು ಹನಿ ನೀರೂ ಕೊಡದೇ ಕೊಂದ ಕೂಸೆ."

ಮರುದಿನ, ಒಂದು ರವಿಕೆ ಮುಗಿಸಿ ಇನ್ನೊಂದು ಹಿಡಿಯುವ ನಡುವೆ ಅವರೇ ಬಂದು ಕೂತರು. ಈ ಸಲ ಮಗಳು ಪಕ್ಕದಲ್ಲಿ ನಿಂತು ಒಂದೊಂದಕ್ಕೂ ಹೂಂ ಒತ್ತಿಸಿದಳು. ಡಾಕ್ಟರ ಚಾ ಕುಡಿದಾಯಿತು. ಪಿಟೀಲಿನವನ ಜೊತೆ ತಿರುಗಿದ್ದೂ ಆಯಿತು, ಅತ್ತಿಗೆ ಪಕ್ಕದ ಮನೆಯವರು ನೋಡುತ್ತಿದ್ದಾರೋ ಎಂದು ಕಿಟಕಿಯ ಕಡೆ ತಿರುಗಿ ನೋಡಿದ್ದೂ ಆಯಿತು. ಕೊನೆಗೆ ಡಾಕ್ಟರ ಚೀಲದಲ್ಲಿ ವಿಷದ ಬಾಟಲಿಯೇ ಸಿಕ್ಕಿತು. "ಯಾರನ್ನು ಆರೋಪಿಸುತ್ತೀರಿ?" ಎಂದು ಆಟ ಕೇಳಿತು. ಅತ್ತಿಗೆ ಒತ್ತಿದ್ದು "ಯಾರನ್ನೂ ಇಲ್ಲ".

"ಅತ್ತೇ, ಬಾಟ್ಲಿ ನೋಡಿದ್ಯಲೆ!"

"ನೋಡಿದಿ. ಅವನ ಚಾ ಕುಡದು ಅವನ್ನೇ ಪೊಲೀಸ್ರಿಗೆ ಕೊಡ್ಲನೆ? ಅಷ್ಟು ಸಕ್ರೆ ಹಾಕಿ ಕೊಟ್ಟಿದ್ದ."

ಆ ದಿನ ಅದೇ ಡಾಕ್ಟರ ಕೈಯಲ್ಲಿ ಸತ್ತರು. ಸಾಯುವಾಗಲೂ ಬೇಸರವಿದ್ದ ಹಾಗೆ ಕಾಣಲಿಲ್ಲ. ಒಂದು ಋಣ ತೀರಿತು ಎಂಬ ಹಾಗಿತ್ತು ಮುಖ.

ಆಟ ಜಾಲತಾಣದಲ್ಲಿ ಮಾರಾಟಕ್ಕೆ ಹೋದ ದಿನ ಮನೆಯಲ್ಲಿ ಪಾಯಸ ಮಾಡಿದೆ. ಯಾರಾದರೂ ನಾಲ್ಕು ಒಳ್ಳೆಯ ಮಾತು ಬರೆದರೆ ಅದು ಉಳಿದವರ ಕಣ್ಣಿಗೆ ಬೀಳುತ್ತದೆ, ಬರೆಯದಿದ್ದರೆ ರಾಶಿಯ ತಳಕ್ಕೆ ಹೋಗುತ್ತದೆ ಎಂದು ಮಗಳು ವಿವರಿಸಿದ್ದಳು. ಮರುದಿನ ಯಲ್ಲಾಪುರದಿಂದ ಫರ್ಹಾ ಫೋನು ಮಾಡಿದಳು. "ಆಂಟಿ, ಅವಳಿಗೆ ಹೇಳಬೇಡಿ. ಯಾರೋ ಮೊದಲನೇ ವಿಮರ್ಶೆಯನ್ನೇ ಉಲ್ಟಾ ಹಾಕಿದ್ದಾರೆ. ಕೆಂಪು ಹೆಬ್ಬೆಟ್ಟು, ಕೊಳ್ಳಬೇಡಿ ಅಂತ. ಯಾರೋ ಆಗದವರೇ ಇರಬೇಕು."

ಆಗದವರು ಮುಂದಿನ ಕೋಣೆಯಲ್ಲಿ ಮಶೀನಿಗೆ ಎಣ್ಣೆ ಬಿಡುತ್ತಿದ್ದರು.

ಮಗಳ ಕಂಪ್ಯೂಟರಿನಲ್ಲಿ ತಾವೇ ಅಕ್ಷರ ಹುಡುಕಿ ಹುಡುಕಿ ಒತ್ತಿ ಬರೆದಿದ್ದರು: "ನಮ್ಮ ಮನೆ ಹುಡುಗಿ ಮಾಡಿದ್ದು. ಏನೋ ತಕ್ಕಮಟ್ಟಿಗೆ ಇದೆ. ಚಿತ್ರ ಚೆನ್ನಾಗಿದೆ. ಜನ ಒಳ್ಳೆಯವರು, ಕೊಲೆಗಾರನೂ ಒಳ್ಳೆಯವನು. ಒಂದು ಕೊರತೆ, ಯಾರೂ ಎರಡನೇ ಸಲ ಕೇಳುವುದಿಲ್ಲ. ನಾನು ಪುನಃ ಪುನಃ ಆಡುತ್ತಿದ್ದೇನೆ." ಅದರ ಕೆಳಗೆ, ಈ ಆಟವನ್ನು ಇತರರಿಗೆ ಶಿಫಾರಸು ಮಾಡುತ್ತೀರಾ ಎಂಬ ಪ್ರಶ್ನೆಗೆ, ಇಲ್ಲ.

"ಇಲ್ಲೆ ಹೇಳಿ ಎಂತಕ್ಕೆ ಒತ್ತಿದೆ ಅತ್ತಿಗೆ?" ನಾನು ತಲೆಯ ಮೇಲೆ ಕೈಯಿಟ್ಟುಕೊಂಡು ಕೇಳಿದೆ.

"ನಮ್ಮನೆ ಕೂಸಿನ ಕೆಲ್ಸ ನಾವೇ ಹೊಗಳ್ಕಂಬುದನೆ? ಜನ ಎಂತ ಹೇಳ್ಗು? ಮತ್ತೊಂದ್ಸಲ ಕೇಳ್ತು, ಆಗ ಹೂಂ ಒತ್ತುವ ಹೇಳಿ ಮಾಡಿದಿ. ಕೇಳಿದ್ದೇ ಇಲ್ಲೆ."

ಮಗಳು ನಕ್ಕಳು. ಅದೇ ಸಂಜೆ ಅದನ್ನು ಹೂಂ ಎಂದು ಬದಲಾಯಿಸಿದ್ದೂ ಆಯಿತು. ಆದರೆ ಆ ಕೆಂಪು ಹೆಬ್ಬೆಟ್ಟು ಹೋದ ಮೇಲೆ ಬೇರೆ ಹೆಬ್ಬೆಟ್ಟುಗಳು ಸಾಲಾಗಿ ಬಂದವೇ? ಇಲ್ಲ. ಒಂದಿಬ್ಬರು ಬಂದರು, ಒಳ್ಳೆಯದನ್ನೇ ಬರೆದರು, ಅಷ್ಟೇ. ಬೆಳಿಗ್ಗೆ ಎದ್ದ ಕೂಡಲೇ ಮಗಳು ಫೋನು ನೋಡುತ್ತಿದ್ದಳು. ಆಮೇಲಾಮೇಲೆ ಹಲ್ಲುಜ್ಜಿದ ಮೇಲೆ ನೋಡಿದಳು. ಆಮೇಲೆ ನೋಡುವುದನ್ನೇ ಬಿಟ್ಟಳು.

ದೀಪಾವಳಿಗೆ ಮುಂಚಿನ ಒಂದು ಮಧ್ಯಾಹ್ನ, ಊಟ ಮುಗಿಸಿ ಮುಂದಿನ ಕೋಣೆಯಲ್ಲಿ ಎಲ್ಲರೂ ಕೂತಿದ್ದಾಗ, ಇವರು ಮಗಳನ್ನು ಕೇಳಿದರು. "ಹಂಗಾರೆ ಎಂತ ಮಾಡ್ತ್ಯ ಮಗಾ? ಇನ್ನೊಂದು ಆಟ ಕಟ್ಟವು ಹೇಳಿ ಇದ್ದ?"

"ಬ್ಯಾಡ ಅಪ್ಪ. ಸಾಕು. ಸೊಸೈಟಿಗೆ ಹೋಗ್ತೆ."

"ಆತು" ಎಂದರು ಇವರು. ದನಿಯಲ್ಲಿ ಒಂದು ಭಾರ ಇಳಿದ ಸಮಾಧಾನ. ಸೊಸೈಟಿಯವರಿಗೆ ಹೇಳಲು ಫೋನನ್ನೂ ಕೈಗೆತ್ತಿಕೊಂಡರು. ನಾನು ತಾಟು ಒಳಗಿಡಲು ಎದ್ದೆ. ಹುಡುಗಿ ತಾನೇ ಹೇಳಿದ ಮೇಲೆ ಇನ್ನೇನು?

ಮಶೀನು ನಿಂತಿತು.

"ಕೂಸೆ, ಇನ್ನೊಂದು ಆಟ ಮಾಡು" ಎಂದರು ಅತ್ತಿಗೆ.

"ಬ್ಯಾಡ ಅತ್ತೆ."

"ಮಾಡು. ಆನು ಆಡ್ತೆ."

"ಅಕ್ಕಾ, ಕೂಸು ಬ್ಯಾಡ ಹೇಳ್ತಾ ಇದ್ದಲೆ" ಎಂದರು ಇವರು. "ಮತ್ತೆ ಮತ್ತೆ ಕೇಳಿದ್ರೆ ಅದಕ್ಕೂ ಬೇಜಾರು."

ಅತ್ತಿಗೆ ತಮ್ಮನ ಕಡೆ ನೋಡಲಿಲ್ಲ. ರವಿಕೆಯ ತೋಳನ್ನು ತಿರುವುತ್ತ, ಹಾಲಿನವ ಬರಲಿಲ್ಲ ಎಂದು ಹೇಳುವ ದನಿಯಲ್ಲೇ ಹೇಳಿದರು.

"ನಿಂಗೆ ನೆನಪಿಲ್ಲೆ, ನೀ ಸಣ್ಣಿದ್ದೆ. ಎಸ್ಸೆಸ್ಸೆಲ್ಸಿ ಪಾಸಾದಾಗ ಅಪ್ಪಯ್ಯ ನನ್ನ ಕೇಳಿದ್ದ, ಕಾಲೇಜಿಗೆ ಹೋಗ್ತ್ಯನೆ ಹೇಳಿ. ಬ್ಯಾಡ ಅಂದಿ. ಆತು ಅಂದ. ಮಾರನೇ ವಾರ ಮಶೀನು ತಂದ." ತೋಳು ಸರಿಹೋಯಿತು. "ಇನ್ನೊಂದ್ಸಲ ಕೇಳ್ತ ಹೇಳಿ ಮಾಡಿದ್ದಿ."

ಅಷ್ಟು ವರ್ಷ ಅದೇ ಮನೆಯಲ್ಲಿದ್ದ ನಾನು ಆ ಮಾತನ್ನು ಮೊದಲ ಸಲ ಕೇಳಿದೆ. ಇವರೂ ಮೊದಲ ಸಲ ಕೇಳಿದರು ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಇವರು ಫೋನನ್ನು ಕಿಸೆಗೆ ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು. ಸಾರಿಗೆ ಉಪ್ಪು ಸಾಕಾ ಎಂಬುದನ್ನೂ ಒಂದು ಸಲಕ್ಕಿಂತ ಹೆಚ್ಚು ಕೇಳದ ಮನುಷ್ಯ, ಮಗಳ ಹತ್ತಿರ ಹೋಗಿ ಕೂತರು.

"ಮಗಾ, ಖರೇ ಹೇಳು. ಇನ್ನೊಂದು ಮಾಡವು ಹೇಳಿ ಇದ್ದ?"

ಮಗಳು ನೆಲ ನೋಡುತ್ತಿದ್ದಳು.

"ಹೂಂ" ಎಂದಳು.

ಅತ್ತಿಗೆ ಸೂಜಿಗೆ ದಾರ ಪೋಣಿಸತೊಡಗಿದರು. ಯಾಕೋ, ಆ ದಾರ ಅವತ್ತು ಎಷ್ಟು ಹೊತ್ತಾದರೂ ಸೂಜಿಯ ಕಣ್ಣಿಗೆ ಹೋಗಲೇ ಇಲ್ಲ.