ಕಡೇ ಹಾಳೆ ಮೊದಲು ಓದುವ ಚಿಗವ್ವ

ನಮ್ಮ ಚಿಗವ್ವನಷ್ಟು ಅಂಜುಬುರುಕರು ಗದಗ-ಬೆಟಗೇರಿಯಲ್ಲಿ ಇನ್ನೊಬ್ಬರಿರಲಿಲ್ಲ. ಬೇಕಾದರೆ ಈ ಮಾತನ್ನು ಸ್ಟಾಂಪ್ ಪೇಪರಿನ ಮೇಲೆ ಬರೆದುಕೊಡುತ್ತೇನೆ. ಪ್ರೆಶರ್ ಕುಕ್ಕರ್ ಸೀಟಿ ಹೊಡೆದರೆ ಹಿತ್ತಲಿಗೆ ಓಡುವರು. ಪೋಸ್ಟಮನ್ ಓಣಿಯ ಆ ತುದಿಯಲ್ಲಿ ಸೈಕಲ್ ಬೆಲ್ ಬಾರಿಸಿದರೆ ಈ ತುದಿಯಲ್ಲಿ ಇವರು ಕುಸಿದು ಕೂಡುವರು. ತಾರು ಬಂತು, ಯಾರೋ ಹೋದರು ಅಂತಲೇ ಲೆಕ್ಕ. ಮಗ್ಗದ ಕೆಳಗಿನ ಕುಣಿಯಲ್ಲಿ ಕಪ್ಪೆ ಕೂಗಿದರೂ ಅದು ಕಪ್ಪೆಯೇ ಎಂದು ಮನೆಯ ಗಂಡಸರು ಇಣುಕಿ ನೋಡಿ ಸಾಕ್ಷಿ ಹೇಳಬೇಕು. ಇಂಥವರಿಗೆ ಎಂಥ ಪುಸ್ತಕ ಸೇರಬೇಕು ಹೇಳಿ? ಭಕ್ತಿಯ ಕಥೆ? ಅಡುಗೆ ಪುಸ್ತಕ? ಛೇ! ಅವರಿಗೆ ಬೇಕಾದದ್ದು ರಾಕ್ಷಸ, ಯಕ್ಷಿಣಿ, ಮಾಟಗಾತಿ, ಏಳು ಹೆಡೆಯ ಸರ್ಪ!

ವರ್ಷವಿಡೀ ಓದಿದ್ದರಲ್ಲಿ ನಿನ್ನ ಫೇವರಿಟ್ ಯಾವುದು ಎಂದು ಈಗಿನವರು ಒಬ್ಬರನ್ನೊಬ್ಬರು ಕೇಳುತ್ತಾರೆ. ಮೊನ್ನೆ ಮೊಮ್ಮಗಳು ನನ್ನನ್ನೂ ಕೇಳಿದಳು. ನನಗೆ ಓದಿನ ವರ್ಷ ಅಂತ ಇದ್ದದ್ದು ಒಂದೇ, ಎಪ್ಪತ್ತರ ದಶಕದ ನಡುವಿನದು. ನಾನು ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಕೆಳಗೆ ಇಂಗ್ಲಿಷ್ ಫೇರಿ ಟೇಲ್ ಓದಿ ಬೆಳೆದವಳು. ಕನ್ನಡ ಕಾದಂಬರಿ ಮುಟ್ಟಿದ್ದು ಬೆಟಗೇರಿಯ ನೇಕಾರರ ಓಣಿಗೆ ಸೊಸೆಯಾಗಿ ಬಂದ ಮೇಲೆಯೇ. ಚಿಗವ್ವ ಎಂದರೆ ನಮ್ಮ ಮನೆಯವರ ಚಿಕ್ಕಪ್ಪನ ಹೆಂಡತಿ. ಗಂಡ ತೀರಿದ ಮೇಲೆ ನಮ್ಮ ಜೊತೆಗೇ ಇದ್ದರು. ಆ ವರ್ಷ ನಾನು ಬಸುರಿ. ಅದಕ್ಕೂ ಮೊದಲು ಒಂದು ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಹಾಗಾಗಿ ಮನೆಯವರೆಲ್ಲ ನನ್ನ ಸುತ್ತ ಮೆಲ್ಲಗೆ ಹೆಜ್ಜೆ ಇಡುತ್ತಿದ್ದರು. ಅಂಜಿಕೆ ಎನ್ನುವ ಮಾತನ್ನು ಯಾರೂ ಆಡುತ್ತಿರಲಿಲ್ಲ, ಅಂಜದವರೂ ಯಾರೂ ಇರಲಿಲ್ಲ. ನಾನಂತೂ ಕೆಮ್ಮಲೂ ಹೆದರುತ್ತಿದ್ದೆ.

ಕೆಲಸ ಮಾಡಕೂಡದು ಎಂದು ಡಾಕ್ಟರು ಹೇಳಿದ್ದರಿಂದ ನಮ್ಮ ಮನೆಯವರು ಗದಗಿನ ಬಾಡಿಗೆ ಲೈಬ್ರರಿಯಿಂದ ಕಾದಂಬರಿ ತರತೊಡಗಿದರು. ಮಧ್ಯಾಹ್ನ ತಲಬಾಗಿಲು ಪೂರ್ತಿ ತೆರೆದಿಟ್ಟು ನಾನು ಓದಬೇಕು, ಚಿಗವ್ವ ಕೇಳಬೇಕು. ಹಾಗಂತ ಅವರಿಗೆ ಅಕ್ಷರ ಬರುತ್ತಿರಲಿಲ್ಲವೆಂದಲ್ಲ. ನೀವೇ ಓದಬಹುದಲ್ಲ ಎಂದರೆ ಅವರ ಉತ್ತರ: “ಒಬ್ಬಾಕೀನ ಓದಿದ್ರ ರಾಕ್ಷಸಗ ನಾ ಒಬ್ಬಾಕೀನ ಸಿಗ್ತೇನಿ. ಇಬ್ಬರಿದ್ರ ಅವನೂ ಸ್ವಲ್ಪ ವಿಚಾರ ಮಾಡ್ತಾನ.”

ಆದರೆ ಒಂದು ಭಾಗವನ್ನು ಮಾತ್ರ ಅವರು ಒಬ್ಬರೇ ಓದುತ್ತಿದ್ದರು. ಪುಸ್ತಕ ಮನೆಗೆ ಬಂದ ಕೂಡಲೇ ಅದನ್ನು ಹೊರಗಿನ ಕಟ್ಟೆಗೆ ಒಯ್ದು, ಸುಡುಬಿಸಿಲಿನಲ್ಲಿ ನಿಂತು, ತುಟಿ ಅಲುಗಿಸುತ್ತ ಕಡೆಯ ಹಾಳೆಗಳನ್ನು ಓದುವರು. ಒಳ್ಳೆಯವರೆಲ್ಲ ಬದುಕಿ ಉಳಿದಿದ್ದರೆ ಆ ಪುಸ್ತಕಕ್ಕೆ ಹೊಸ್ತಿಲು ದಾಟುವ ಭಾಗ್ಯ. ಒಬ್ಬರು ಸತ್ತಿದ್ದರೂ ಅದು ಬಂದ ಸೈಕಲ್ಲಿನಲ್ಲೇ ವಾಪಸು! ನಮ್ಮ ಮನೆಯ ಸೆನ್ಸಾರ್ ಬೋರ್ಡಿಗೆ ಅಪೀಲು ಇರಲಿಲ್ಲ. ಹೀಗೆ ಮಾಡಿದರೆ ಸಸ್ಪೆನ್ಸ್ ಉಳಿಯುವುದಿಲ್ಲ ಚಿಗವ್ವಾರ ಎಂದು ನಾನು ಗೊಣಗಿದೆ.

“ಸಸ್ಪೆನ್ಸ್ ಹೊಟ್ಟ್ಯಾಗ ಒಂದು ಐತಲ್ಲ, ಸಾಕು,” ಎಂದರು.

ಇನ್ನು ಓದುವ ಪದ್ಧತಿ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚುತ್ತಾರಲ್ಲ, ಅದರ ಎಲ್ಲ ಕಟ್ಟಳೆಗಳೂ ನಮ್ಮ ಬಾಡಿಗೆ ಕಾದಂಬರಿಗಳಿಗೆ ಲಾಗೂ ಆದವು. ಪುರಾಣದಲ್ಲಿ ಮಹಾತ್ಮರು ಹುಟ್ಟುವ ಅಧ್ಯಾಯ ಬಂದ ದಿನ ತೊಟ್ಟಿಲು ಕಟ್ಟಿ, ಜೋಗುಳ ಹಾಡಿ, ಸಕ್ಕರೆ ಹಂಚುತ್ತಾರೆ. ನನ್ನ ಮೊದಲ ಫೇವರಿಟ್ ಆದ ಗಾಜಿನ ಕುದುರೆಯ ಕಾದಂಬರಿಯಲ್ಲಿ ಅರಸುಕುಮಾರ ಹುಟ್ಟಿದ ದಿನ ಚಿಗವ್ವ ಜಂತಿಗೆ ಸೀರೆಯ ತೊಟ್ಟಿಲು ಕಟ್ಟಿ, ಅದರಲ್ಲಿ ಗುಂಡಕಲ್ಲು ಮಲಗಿಸಿ ಜೋಗುಳ ಶುರುಮಾಡಿದರು. ದನಿ ಕೇಳಿ ಓಣಿಯ ಹೆಂಗಸರು ಬಂದು ಯಾರ ಮನೆಯ ಕೂಸೆಂದು ಕೇಳಿದರು. ಅರಸನ ಮನೆಯದು ಎಂದರು ಚಿಗವ್ವ. ಬಂದವರು ಸಕ್ಕರೆ ಬಾಯಿಗೆ ಹಾಕಿಕೊಂಡು, ಬಾಣಂತಿ ಆರಾಮ ಇದ್ದಾಳೆಯೇ ಎಂದು ವಿಚಾರಿಸಿ ಹೋದರು! ಎಲ್ಲರೂ ನಗುತ್ತಿದ್ದರು. ನಾನು ಮಾತ್ರ ಆ ಕಲ್ಲಿನ ತೊಟ್ಟಿಲು ತೂಗುವುದನ್ನು ನೋಡಲಾರದೆ ಒಳಗೆ ಹೋದೆ.

ಎರಡನೆಯ ಫೇವರಿಟ್, ಹುಣಸೆಮರದ ಹೆಣ್ಣುಭೂತದ್ದು. ದಾರಿಹೋಕ ಹೆಂಗಸರಿಗೆಲ್ಲ ಹೆರಳು ಹಾಕುವ, ತನ್ನ ತಲೆ ಬಾಚುವವರಿಲ್ಲದೆ ಅಳುವ ಭೂತ. ಅದನ್ನು ಓದುತ್ತಿರುವಷ್ಟು ದಿನ ಚಿಗವ್ವ ಹಣಿಗೆಯನ್ನು ಕಿಟಕಿಯಲ್ಲಿ ಇಟ್ಟಿರುತ್ತಿದ್ದರು. ಮೂರನೆಯದರಲ್ಲಿ ರಾಕ್ಷಸ ಸತ್ತಾಗ ಮನೆಮಂದಿಯೆಲ್ಲ ತಲೆಗೆ ನೀರು ಹಾಕಿಕೊಳ್ಳಬೇಕೆಂದು ಹಂಡೆ ಕಾಯಿಸಿದರು. ದುಷ್ಟ ಸತ್ತರೆ ನಮಗೇಕೆ ಸೂತಕ ಎಂದರೆ, “ಇಷ್ಟು ದಿನ ನಮ್ಮ ಮನಿಯಾಗ ಇದ್ನಲ್ಲವ್ವ” ಎಂದರು. ಇದಕ್ಕೆ ಯಾವ ಕಾನ್ವೆಂಟಿನಲ್ಲಿ ಉತ್ತರ ಕಲಿಸುತ್ತಾರೆ?

ಎಲ್ಲಕ್ಕೂ ದೊಡ್ಡ ಕಟ್ಟಳೆಯೆಂದರೆ, ಯಾರಾದರೂ ಅಪಾಯದಲ್ಲಿದ್ದಾಗ ಪುಸ್ತಕ ಮುಚ್ಚಕೂಡದು. ಮಂಗಳ ಹಾಡದೆ ಕಥೆ ಮುಗಿಸಕೂಡದು. ಒಮ್ಮೆ ನಮ್ಮ ಮನೆಯವರು ಊಟಕ್ಕೆ ಬಂದಾಗ ಅರಸುಕುಮಾರ ಬಾವಿಯಲ್ಲಿ ಜೋತಾಡುತ್ತಿದ್ದ. ತಾಟಿಗೆ ರೊಟ್ಟಿ ಬೀಳುವ ಲಕ್ಷಣವಿರಲಿಲ್ಲ. “ಅವನ್ನ ಜಲ್ದಿ ಮ್ಯಾಲೆತ್ತರಿ, ನಾ ಹಸಿವಿಗೆ ಬಾವ್ಯಾಗ ಬೀಳಾಕತ್ತೇನಿ,” ಎಂದು ಪಾಪ ಗೋಗರೆದರು.

ಈ ಕಟ್ಟಳೆ ಎಲ್ಲಿಂದ ಬಂತೆಂದು ಚಿಗವ್ವ ಒಂದೇ ಸಲ, ಜೋಳ ಹಸನು ಮಾಡುತ್ತ ಹೇಳಿದ್ದರು. ಅವರು ಬಸುರಿಯಾಗಿದ್ದ ಶ್ರಾವಣದಲ್ಲಿ ಓಣಿಯವರು ಜಗಳಾಡಿ ಎರಡು ಪಾರ್ಟಿಯಾಗಿ ಪುರಾಣ ನಡುವೆಯೇ ನಿಂತಿತಂತೆ. “ತೊಟ್ಟಿಲದ ಅಧ್ಯಾಯ ಬರಲೇ ಇಲ್ಲವ್ವ. ನನ್ನ ಕೂಸೂ ಬರಲಿಲ್ಲ.” ಕೋಇನ್ಸಿಡೆನ್ಸ್ ಎಂಬ ಶಬ್ದ ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಅವರ ಮೊರದ ಜೋಳಕ್ಕೆ ನಾನೂ ಕೈ ಹಾಕಿದೆ.

ಇಷ್ಟೆಲ್ಲ ಗೊತ್ತಿದ್ದೂ ಏಳು ಹೆಡೆಯ ಸರ್ಪದ ಕಾದಂಬರಿ ನಮ್ಮ ಮನೆ ಹೊಕ್ಕಿತು. ಆ ದಿನ ಚಿಗವ್ವ ಪಕ್ಕದ ಮನೆಗೆ ಹೋಗಿದ್ದರು, ನಾನು ಸೆನ್ಸಾರ್ ಆಗದೆಯೇ ಓದಲು ಕೂತುಬಿಟ್ಟಿದ್ದೆ. ಬಸುರಿ ಅರಸುಕುಮಾರಿಯನ್ನು ಸರ್ಪ ಗುಹೆಯಲ್ಲಿ ಕೂಡಿಹಾಕಿ ಬಾಗಿಲಿಗೆ ಸುತ್ತಿಕೊಂಡು ಮಲಗಿದೆ. ಹೊರಗೆ ಅವಳ ಗಂಡ ಕಲ್ಲಾಗಿದ್ದಾನೆ. ನಾನು ನೀರು ಕುಡಿಯಲು ಎದ್ದು ಹೋಗಿ ಬರುವಷ್ಟರಲ್ಲಿ ಚಿಗವ್ವ ಪುಸ್ತಕ ಹಿಡಿದು ಕಟ್ಟೆಯಿಂದ ಒಳಗೆ ಬರುತ್ತಿದ್ದರು. ಮುಖ ಬಿಳಿಚಿತ್ತು. ಕಡೆಯ ಹಾಳೆಗಳೇ ಇಲ್ಲ, ಇಲಿ ತಿಂದಿವೆ ಎಂದರು. ನೋಡಿದರೆ ಖರೆಯೇ, ಗುಹೆಯ ಬಾಗಿಲಿಗೇ ಕಥೆ ನಿಂತುಬಿಟ್ಟಿತ್ತು.

ಆಗ ಶುರುವಾಯಿತು ನೋಡಿ ನನ್ನ ಗ್ರಹಚಾರ. ಕಟ್ಟಳೆಯನ್ನು ನೋಡಿ ನಕ್ಕವಳೇ ಅದಕ್ಕೆ ಸಿಕ್ಕಿಬಿದ್ದೆ. ಅರಸುಕುಮಾರಿ ಹೊರಗೆ ಬರುವವರೆಗೆ ನನ್ನ ಕೂಸೂ ಬರುವುದಿಲ್ಲ ಅನಿಸತೊಡಗಿತು. ಊಟ ಸೇರದು. ಕೂಸು ಒದೆಯುವುದು ಸ್ವಲ್ಪ ತಡವಾದರೂ ಗುಹೆ ಕಣ್ಣಮುಂದೆ ಬರುವುದು. ಲೈಬ್ರರಿಯಲ್ಲಿ ಎರಡನೆಯ ಕಾಪಿ ಇರಲಿಲ್ಲ.

ಅಷ್ಟರಲ್ಲಿ ಕುಬಸದ ಕರೆಗಳು ಬಂದವು. ಬಸುರಿಯನ್ನು ಮನೆಗೆ ಕರೆದು, ಕುಬಸದ ಬಟ್ಟೆ ಕೊಟ್ಟು ಬಯಕೆಯ ಊಟ ಹಾಕುವುದು ನಮ್ಮ ಕಡೆಯ ಸಂಭ್ರಮ. ಡಾಕ್ಟರು ಬಸ್ ಹತ್ತಲು ಪರ್ಮಿಶನ್ ಕೊಟ್ಟರು. ಹೋದ ಊರಿನಲ್ಲೆಲ್ಲ ಪುಸ್ತಕ ಹುಡುಕುವುದೆಂದು ನಾನು ಹಟ ಹಿಡಿದೆ. ಬಸ್ಸೆಂದರೆ ಕಣ್ಣು ಮುಚ್ಚಿ ಕೂಡುವ ಚಿಗವ್ವ ತಾವೇ ಜೊತೆಗೆ ಹೊರಟರು! ಲಕ್ಷ್ಮೇಶ್ವರದಲ್ಲಿ ನನ್ನನ್ನು ಬಸ್‌ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂಡಿಸಿ, ಹೊಟ್ಟೆ ಹೊತ್ತುಕೊಂಡು ನೀನೇಕೆ ಅಡ್ಡಾಡುತ್ತಿ ಎಂದು ಒಬ್ಬರೇ ಅಂಗಡಿಗೆ ಹೋಗಿ ಬಂದರು. ಸಿಗಲಿಲ್ಲ. ಶಿರಹಟ್ಟಿಯಲ್ಲೂ ಹಾಗೆಯೇ. ಮುಂಡರಗಿಯಲ್ಲಿ, ಕಪ್ಪತಗುಡ್ಡದ ಕಡೆಗೆ ಬೆನ್ನು ಮಾಡಿ ನಾನು ಬಹಳ ಹೊತ್ತು ಕಾದೆ. ಬರಿಗೈಯಲ್ಲಿ ಬಂದರು. ಕಣ್ಣು ಕೆಂಪಾಗಿದ್ದವು, ಸೀರೆಗೆ ಹೊಗೆಯ ವಾಸನೆ. ಚಹಾದಂಗಡಿಯ ಒಲೆಯ ಹೊಗೆ ಎಂದರು. “ಇಲ್ಲಿನೂ ಇಲ್ಲವ್ವ. ನೀ ಅಂಜಬ್ಯಾಡ, ನಾ ಅದೇನಿ.” ಇವರು ನನಗೆ ಧೈರ್ಯ ಹೇಳುವುದೇ! ನಾನು ಇನ್ನಷ್ಟು ಹೆದರಿದೆ.

ದಿನ ತುಂಬಿತು. ಹಾಡಹಗಲಿನಲ್ಲಿ ನೋವು ಶುರುವಾಗಿ ಬೆಟಗೇರಿಯ ಆಸ್ಪತ್ರೆಗೆ ಸೇರಿಸಿದರು. ಹೆರಿಗೆ ಕೋಣೆಯಲ್ಲಿ ಕಣ್ಣು ಮುಚ್ಚಿದರೆ ಗುಹೆ, ತೆರೆದರೆ ಡಾಕ್ಟರ ಗಂಭೀರ ಮುಖ. ಇದೂ ಹೋಗುತ್ತದೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡ ಹೊತ್ತಿಗೆ ಕಿಟಕಿಯಾಚೆಯಿಂದ ಚಿಗವ್ವನ ದನಿ ಬಂತು. ಪುರಾಣದ ರಾಗದಲ್ಲಿ, ಗಟ್ಟಿಯಾಗಿ! ಅರಸುಕುಮಾರಿ ಎದ್ದಳಂತೆ, ಒನಕೆ ಹಿಡಿದಳಂತೆ, ಒಂದೊಂದೇ ಹೆಡೆ ಜಜ್ಜಿದಳಂತೆ. ಸಿಸ್ಟರ್ ಕಿಟಕಿಗೆ ಹೋಗಿ ಇದು ದವಾಖಾನೆ, ನಾಟಕದ ಥೇಟರ್ ಅಲ್ಲ ಎಂದು ಗದರಿಸಿದರು.

“ಇನ್ನ ಎರಡು ಹೆಡಿ ಉಳದಾವವ್ವ, ತಡಿ,” ಎಂದರು ಚಿಗವ್ವ.

ಆ ಎರಡು ಹೆಡೆ ಗುಹೆಯೊಳಗೆ ಪ್ರೆಶರ್ ಕುಕ್ಕರ್ ಸೀಟಿ ಹೊಡೆದ ಸದ್ದಿಗೆ ಬೆದರಿ ಓಡಿಹೋದವು. ಗುಹೆಗೆ ಕುಕ್ಕರ್ ಎಲ್ಲಿಂದ ಬಂತೆಂದು ಆ ನೋವಿನಲ್ಲೂ ನನಗೆ ನಗು ಬಂತು. ನಗುತ್ತ ಅಳುತ್ತ ಇರುವಾಗಲೇ ಮಗಳು ಕಿರುಚಿದಳು. ಹೊರಗೆ ಮಂಗಳಾರತಿಯ ಹಾಡು ಕೇಳಿತು.

ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾದಳು. ಎಂಬತ್ತರ ದಶಕದಲ್ಲೊಮ್ಮೆ ಮುಂಡರಗಿಯಲ್ಲಿ ಬಸ್ಸಿಗೆ ಕಾಯುತ್ತ ಹಳೆಪುಸ್ತಕದ ಅಂಗಡಿಯ ಸಾಬರನ್ನು ಸುಮ್ಮನೆ ಕೇಳಿದೆ: ಏಳು ಹೆಡೆಯ ಸರ್ಪದ ಕಾದಂಬರಿ ಇದೆಯೇ? ಮುದುಕರು ನನ್ನನ್ನೇ ನೋಡಿದರು. ಅದು ಒಂದೇ ಇತ್ತು, ಬೆಟಗೇರಿಯ ಹೆಣ್ಣುಮಗಳೊಬ್ಬರು ಕೊಂಡು, ಇಲ್ಲೇ ನಿಂತು ಕಡೇ ಹಾಳೆ ಓದಿ, ಹಣೆಗೆ ಒತ್ತಿಕೊಂಡು, ಪಕ್ಕದ ಚಹಾದಂಗಡಿಯ ಒಲೆಗೆ ಹಾಕಿದರು. ಅಂಥ ಗಿರಾಕಿಯನ್ನು ಹೇಗೆ ಮರೆಯಲಿ ಎಂದರು. ಯಾಕೆಂದು ನೀವು ಕೇಳಲಿಲ್ಲವೇ ಎಂದೆ.

“ಕೇಳಿದೆ ಬಾಯಾರ. ಇದರಾಗ ಒಬ್ಬಾಕಿ ಹಡಿಯೂಮುಂದ ಸಾಯ್ತಾಳ, ಅಕೀನ್ನ ನಾ ಮನಿಗೆ ಕರಕೊಂಡು ಹೋಗಂಗಿಲ್ಲ ಅಂದ್ರು.”

ಹಾಗಾದರೆ ಮೊದಲಿನ ಕಾಪಿಯ ಹಾಳೆ ತಿಂದ ಇಲಿ ಯಾವುದೆಂದು ನಾನು ಯಾರನ್ನು ಕೇಳಲಿ? ನಡುವೆ ನಿಂತ ಕಥೆಗೆ ಜೀವಮಾನವಿಡೀ ಹೆದರಿದವರು, ನನಗಾಗಿ ಆ ಹೆದರಿಕೆಯನ್ನು ಅಷ್ಟು ತಿಂಗಳು ಒಬ್ಬರೇ ಹೊತ್ತಿದ್ದರು.

ಮನೆಗೆ ಬಂದೆ. ಆಗ ಚಿಗವ್ವ ಹಾಸಿಗೆ ಹಿಡಿದಿದ್ದರು, ಕಣ್ಣು ಮಂಜಾಗಿತ್ತು, ಡಾಕ್ಟರು ಹಾರ್ಟ್ ವೀಕ್ ಎಂದಿದ್ದರು. ಮಗಳು ಅವರಿಗೆಂದು ಹೊಸ ಕಾದಂಬರಿ ತಂದಿದ್ದಳು. ಕಾಡನ್ನು ಕಾಯುವ ಮಂತ್ರದ ಅಜ್ಜಿಯೊಬ್ಬಳ ಕಥೆ. ಚಿಗವ್ವ ಪುಸ್ತಕವನ್ನು ತಡಕಿ ನನ್ನ ಕೈಗಿಟ್ಟರು. ನಾನು ಕಟ್ಟೆಗೆ ಹೋಗಿ ಬಿಸಿಲಿನಲ್ಲಿ ನಿಂತು ಕಡೇ ಹಾಳೆ ಓದಿದೆ. ಒಳಗೆ ಬಂದೆ.

“ಎಲ್ಲಾರೂ ಉಳದಾರೇನವ್ವ?”

“ಎಲ್ಲಾರೂ ಉಳದಾರ್ರಿ ಚಿಗವ್ವಾರ,” ಎಂದೆ, ಆಗಷ್ಟೇ ಹರಿದುಕೊಂಡ ಕಡೇ ಹಾಳೆಯನ್ನು ಸೆರಗಿನೊಳಗೆ ಇನ್ನಷ್ಟು ಮುದುರುತ್ತ.