ಫ್ಯೂಸಿಗೆ ಪಣವಿಟ್ಟ ಮೀಸೆ

ನಮ್ಮ ಚಿಕ್ಕಮಾವನವರಿಗೆ, ಅಂದರೆ ನನ್ನ ಮಾವನವರ ತಮ್ಮನಿಗೆ, ಹೆಂಡತಿ ಮಕ್ಕಳಿರಲಿಲ್ಲ, ಮೀಸೆಯಿತ್ತು. ದಿನಾ ಬೆಳಿಗ್ಗೆ ಅದಕ್ಕೆ ಎಣ್ಣೆ ಹಚ್ಚಿ, ತೀಡಿ, ಕನ್ನಡಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಿಚಾರಿಸಿಕೊಂಡ ಮೇಲೇ ಅವರಿಗೆ ಕಾಫಿ. ಅಷ್ಟು ಉಪಚಾರ ಕಂಡ ಹೆಂಡತಿ ಇಡೀ ತುಮಕೂರಿನಲ್ಲಿ ಒಬ್ಬಳಾದರೂ ಇದ್ದಳೇ? ನಾನಂತೂ ಕಾಣೆ!

ಅವರ ಕಸುಬು ಮನೆಗಳಿಗೆ ವೈರಿಂಗ್ ಮಾಡುವುದು. ಎಲೆಅಡಿಕೆ ಚೀಲದಲ್ಲಿ ಎಲೆ, ಸುಣ್ಣ, ಕಟಿಂಗ್ ಪ್ಲೇಯರು, ಫ್ಯೂಸ್ ತಂತಿ ಎಲ್ಲ ಒಟ್ಟಿಗೇ ಸಂಸಾರ ಮಾಡುತ್ತಿದ್ದವು. ಒಮ್ಮೆ ಮಾತಿನ ಭರದಲ್ಲಿ ಫ್ಯೂಸ್ ತಂತಿಯನ್ನೇ ಬಾಯಿಗೆ ಹಾಕಿಕೊಂಡು, 'ಅಡಿಕೆ ಯಾಕೋ ಗಟ್ಟಿ' ಅಂದರಂತೆ!

ಗುಬ್ಬಿಯ ಒಂದು ಮನೆಯಲ್ಲಿ ಹೊಸ ವೈರಿಂಗ್ ಆದ ಮೇಲೆ ಪ್ರತಿ ಶುಕ್ರವಾರ ಫ್ಯೂಸ್ ಹೋಗುತ್ತಿತ್ತು. ಯಾರೋ ಮಾಟ ಮಾಡಿಸಿದ್ದಾರೆ ಅಂತ ಮನೆಯವರು ಮಂತ್ರವಾದಿಯನ್ನು ಹುಡುಕುತ್ತಿದ್ದರು. ಚಿಕ್ಕಮಾವ ಮಂಗಳವಾರವೇ ಹೋಗಿ ಕೂತರು. ಮೂರು ದಿನ ಅವರ ಮನೆಯ ಮುದ್ದೆ ಸಾರು ಉಂಡರು. ಶುಕ್ರವಾರ ಬೆಳಿಗ್ಗೆ ಯಜಮಾನಿ ದೇವರ ಮನೆ ತೊಳೆಯಲು ಬಂದು, ಗೋಡೆಗೆ ಒಂದು ಬಿಂದಿಗೆ ನೀರು ರಪ್ಪನೆ ಎರಚಿದರು. ಎದುರಿಗೇ ಸ್ವಿಚ್ಚು!

"ತಾಯೀ, ದೇವ್ರಿಗೆ ಅಭಿಷೇಕ ಮಾಡಿ, ಬೇಡ ಅನ್ನಲ್ಲ. ಸ್ವಿಚ್ಚಿಗ್ಯಾಕೆ?"

ಕುಣಿಗಲ್‌ನಲ್ಲಿ ಇನ್ನೊಬ್ಬ ಮಹಾಶಯ, ಪದೇಪದೇ ಫ್ಯೂಸ್ ಹೋಗುತ್ತದೆಂದು ಬೇಸತ್ತು, ಬೇಲಿಯ ತಂತಿ ತುಂಡು ಮಾಡಿ ಅದರಲ್ಲಿ ಸಿಕ್ಕಿಸಿದ್ದ. ಫ್ಯೂಸ್ ಹೋಗುವುದು ನಿಂತಿತು. ಗೋಡೆಯಲ್ಲಿ ವೈರು ಮುಚ್ಚಿದ್ದ ಮರದ ಪಟ್ಟಿ ಹೊಗೆಯಾಡಲು ಶುರುವಾಯಿತು! ಚಿಕ್ಕಮಾವ ಕೆಂಡವಾದರು. "ಫ್ಯೂಸು ಅಂದ್ರೆ ಮನೆ ಕಾಯೋ ನಾಯಿ ಕಣಯ್ಯಾ! ಬೊಗಳ್ತು ಅಂತ ಅದ್ರ ಬಾಯಿ ಹೊಲಿದ್ಯಲ್ಲೋ!"

ಹೋದಲ್ಲೆಲ್ಲ ಅವರದು ಒಂದೇ ಪಣ. "ನನ್ನ ಕೆಲ್ಸದಲ್ಲಿ ಒಂದೇ ಒಂದು ತಪ್ಪು ತೋರ್ಸಿ, ಈ ಮೀಸೆ ಬೋಳಿಸ್ಬಿಡ್ತೀನಿ!" ಇಪ್ಪತ್ತು ವರ್ಷ ಮೀಸೆ ಕ್ಷೇಮವಾಗಿತ್ತು.

ಆಮೇಲೆ ನಾನು ಸೊಸೆಯಾಗಿ ಬಂದೆ!

ನಮ್ಮ ಮದುವೆಗೆಂದು ಚಿಕ್ಕಮಾವ ಮನೆಯ ಹಳೇ ವೈರನ್ನೆಲ್ಲ ಕಿತ್ತು, ಹೊಸದಾಗಿ ಮರದ ಪಟ್ಟಿಗಳೊಳಗೆ ವೈರೆಳೆದಿದ್ದರು. ಮದುವೆಯ ದಿನವೆಲ್ಲ ದೀಪಗಳು ಝಗಝಗ. ನಾನು ಕಾಲಿಟ್ಟ ಮೂರನೆಯ ಸಂಜೆ ಹಾಲಿನ ಸ್ವಿಚ್ ಹಾಕಿದರು, ಟಪ್! ಮನೆಯೆಲ್ಲ ಕತ್ತಲು. ಫ್ಯೂಸ್ ಕಟ್ಟಿದರು, ಮತ್ತೆ ಟಪ್! ಎರಡು ದಿನ ಇದೇ ಕಥೆ. ಪಕ್ಕದ ಮನೆಯಾಕೆ ಅತ್ತೆಯ ಹತ್ತಿರ, "ಹುಡ್ಗಿ ಕಾಲ್ಗುಣ ಒಸಿ ನೋಡ್ಕೊಳ್ರಿ" ಅಂದದ್ದು ನನ್ನ ಕಿವಿಗೂ ಬಿತ್ತು. ಅತ್ತೆ ಅವತ್ತಿನಿಂದ ನನ್ನ ಕೈಯಿಂದ ದೇವರ ದೀಪ ಹಚ್ಚಿಸುವುದನ್ನೂ ನಿಲ್ಲಿಸಿದರು.

ಮರುದಿನ ಬೆಳಿಗ್ಗೆ ಚಿಕ್ಕಮಾವ ಪತ್ತೇದಾರಿಕೆಗೆ ಇಳಿದರು. ಫ್ಯೂಸಿನ ಜಾಗಕ್ಕೆ ಒಂದು ಬಲ್ಬು ಸಿಕ್ಕಿಸಿ, ಹಾಲಿನ ಸ್ವಿಚ್ ಹಾಕಿದರು. ಬಲ್ಬು ಧಗಧಗ ಉರಿಯಿತು. "ಎಲ್ಲೋ ಎರಡು ವೈರು ಕೂಡ್ಕೊಂಡವೆ. ಅವನ್ನ ಬಿಡಿಸಿದ ತಕ್ಷಣ ಇದು ಮಂಕಾಗುತ್ತೆ, ನೋಡ್ತಿರಿ" ಅಂತ ಅತ್ತೆಯನ್ನು ಕಾವಲಿಗೆ ಕೂರಿಸಿ, ಪಟ್ಟಿಯ ಜಾಡು ಹಿಡಿದು ಹೊರಟರು. ಹಾಲು, ನಡುಮನೆ, ಎಲ್ಲ ಮುಗಿಸಿ ಕೊನೆಗೆ ಸಂಕೋಚದಿಂದ ನನ್ನ ಕೋಣೆಗೆ ಬಂದರು.

ಅಲ್ಲಿ ಪಟ್ಟಿಯ ಮೇಲೆ ಒಂದು ಫೋಟೋ ತೂಗುತ್ತಿತ್ತು.

"ಯಾರಮ್ಮಾ ಇವ್ರು?"

"ನಮ್ಮಪ್ಪ. ಹೋದ ವರ್ಷ ತೀರ್ಕೊಂಡ್ರು."

ಚಿಕ್ಕಮಾವ ಫೋಟೋ ಎತ್ತಿ ನನ್ನ ಕೈಗೆ ಕೊಟ್ಟರು. ಹಿಂದೆ, ಹಾಲಿನ ದೀಪದ ವೈರು ಹಾದುಹೋಗಿದ್ದ ಪಟ್ಟಿಯೊಳಕ್ಕೆ ಇಳಿದಿದ್ದ ಮೊಳೆ! ಹೊಡೆದವಳು ನಾನೇ. ನಮ್ಮ ಹಾಗಲವಾಡಿಗೆ ಕರೆಂಟೇ ಬಂದಿರಲಿಲ್ಲ. ಗೋಡೆಗೆ ಮರದ ಪಟ್ಟಿ ಹೊಡೆದಿರುವುದು ಫೋಟೋ ತೂಗುಹಾಕಲೆಂದೇ ನಾನು ತಿಳಿದಿದ್ದೆ. ಅಳು ಬಂತು.

"ಅಯ್ಯೋ ಮಗಳೇ, ಮೊಳೆ ಹೊಡೆವಾಗ ಸ್ವಿಚ್ ಹಾಕಿದ್ದಿದ್ರೆ ನಿನ್ನ ಗತಿ ಏನಾಗ್ತಿತ್ತು!" ಅವರು ಕೇಳಿದ್ದು ಅದೊಂದೇ. ಮಣೆಯ ಮೇಲೆ ನಿಂತು ಪ್ಲೇಯರಿನಿಂದ ಮೊಳೆ ಕಿತ್ತರು. ಹಾಲಿನಿಂದ ಅತ್ತೆ ಕೂಗಿದರು, "ಮಂಕಾಯ್ತು! ಮಂಕಾಯ್ತು! ಏನ್ ಸಿಕ್ತು?"

ಚಿಕ್ಕಮಾವ ನನ್ನ ಮುಖ ನೋಡಿದರು. ಮೀಸೆಯನ್ನು ಒಂದು ಸಲ ಸವರಿಕೊಂಡರು. ಮೊಳೆ ಎಲೆಅಡಿಕೆ ಚೀಲಕ್ಕೆ ಹೋಯಿತು.

"ನನ್ನದೇ ತಪ್ಪು ಅತ್ತಿಗೆ! ಜಾಯಿಂಟು ಸರಿಯಾಗಿ ಸುತ್ತಿರ್ಲಿಲ್ಲ. ಸುಮ್ನೆ ಆ ಮಗೂನ ಅಂದ್ರಿ."

ಮಾರನೆಯ ಬೆಳಿಗ್ಗೆ ಕಾಫಿಗೆ ಬಂದು ಕೂತವರನ್ನು ಯಾರೂ ಗುರುತಿಸಲಿಲ್ಲ. ಮೀಸೆಯಿಲ್ಲ! ಬೀದಿಯಲ್ಲಿ ಕಂಡವರೆಲ್ಲ ಮುಖ ಸಣ್ಣದು ಮಾಡಿಕೊಂಡು, "ಯಾರು ಹೋದ್ರು ಸ್ವಾಮಿ?" ಅಂದರೆ, "ನನ್ನ ಜಂಭ ಕಣ್ರಯ್ಯಾ, ಇಪ್ಪತ್ತು ವರ್ಷ ಬದುಕಿತ್ತು" ಎನ್ನುತ್ತಿದ್ದರು.

ಅದೇ ದಿನ ನನ್ನ ಕೋಣೆಯ ಎದುರುಗೋಡೆಗೆ ಮರದ ಗೂಟ ಬಡಿದು ಅಪ್ಪನ ಫೋಟೋ ಹಾಕಿಕೊಟ್ಟರು. ಸಂಜೆ ಅತ್ತೆ ನನ್ನನ್ನೇ ಕರೆದು ದೇವರ ದೀಪ ಹಚ್ಚಿಸಿದರು. ಆಮೇಲೆ ನಾನು ಚಿಕ್ಕಮಾವನಿಗೆ ಊಟಕ್ಕೆ ಬಡಿಸುತ್ತ ಅವರ ಬೋಳು ತುಟಿ ನೋಡಿದೆ. ತಡೆಯಲಾಗದೆ ಬಾಯಿಗೆ ಸೆರಗು ಒತ್ತಿಕೊಂಡೆ. ಭುಜಗಳು ಅಲುಗುತ್ತಿದ್ದವು.

ಅತ್ತೆ ಮೆಲ್ಲಗೆ ಗದರಿದರು. "ಪಾಪ, ಅವ್ರ ಎದುರಿಗೇ ನಗಬಾರ್ದು ಕಣೇ."

ನಾನು ನಗುತ್ತಿರಲಿಲ್ಲ.